ಬಾವಿಯ ಕಲ್ಲಿನಲ್ಲಿ ಬದುಕುವ ಜರಿಗಿಡ ಕುಂಡದಲ್ಲಿ ಏಕೆ ಒಣಗುತ್ತದೆ?

ಹಿತ್ತಿಲಗಿಡ, ಮೈಸೂರು

ಎಲ್ಲರಿಗೂ ನಮಸ್ಕಾರ. ಜರಿಗಿಡದ ಬೇರು ಮತ್ತು ನೀರಿನ ವಿಷಯದಲ್ಲಿ ನನಗಿರುವ ಗೊಂದಲವೊಂದನ್ನು ಬಲ್ಲವರು ಬಗೆಹರಿಸಿಕೊಡಬೇಕೆಂದು ಕೋರುತ್ತೇನೆ.

ಪಾಂಡವಪುರ ತಾಲ್ಲೂಕಿನ ನಮ್ಮ ಯಜಮಾನರ ಊರಿನಲ್ಲಿ ಕಲ್ಲು ಕಟ್ಟಿದ ಹಳೆಯ ಬಾವಿಯೊಂದಿದೆ. ಕೊಳವೆಬಾವಿ ಬಂದ ಮೇಲೆ ಅದರಿಂದ ಯಾರೂ ನೀರು ಸೇದುವುದಿಲ್ಲ. ರಾಟೆ ತುಕ್ಕು ಹಿಡಿದು ನಿಂತಿದೆ. ಆದರೆ ನೀರಿನ ಮಟ್ಟದಿಂದ ನಾಲ್ಕೈದು ಅಡಿ ಮೇಲೆ, ಕಲ್ಲುಗಳ ಸಂದಿಯಲ್ಲಿ, ಕೊತ್ತಂಬರಿಯನ್ನು ಹೋಲುವ ಎಲೆಗಳೂ ಕಪ್ಪು ಕೂದಲಿನಂಥ ತೊಟ್ಟುಗಳೂ ಇರುವ ಜರಿಗಿಡ ದಟ್ಟವಾಗಿ ಬೆಳೆದು ಬಾವಿಯ ಒಳಮೈಯನ್ನೇ ಮುಚ್ಚಿದೆ. ಅದಕ್ಕೆ ನೀರು ಹಾಕಿದವರಿಲ್ಲ, ಅದು ಗೊಬ್ಬರ ಕಂಡದ್ದಿಲ್ಲ, ಮಣ್ಣೆಂದು ಹೇಳಬಹುದಾದದ್ದು ಆ ಸಂದಿಗಳಲ್ಲಿ ಒಂದು ಹಿಡಿಯೂ ಇರಲಾರದು. ಸಂಕ್ರಾಂತಿಗೆ ಹೋದಾಗ ನನ್ನ ಮೈದುನ ಬಾವಿಯ ಮೆಟ್ಟಿಲುಗಲ್ಲಿನ ಮೇಲೆ ನಿಂತು, ಕೈಗೆಟುಕಿದ ಒಂದು ಬುಡವನ್ನು ಬೇರುಸಹಿತ ಕಿತ್ತುಕೊಟ್ಟ. ಒದ್ದೆ ಗೋಣಿಯಲ್ಲಿ ಸುತ್ತಿ ಮೈಸೂರಿಗೆ ತಂದು, ಕೆಂಪು ಮಣ್ಣಿಗೆ ಸಗಣಿ ಗೊಬ್ಬರ ಬೆರೆಸಿ, ಮಣ್ಣಿನ ಕುಂಡದಲ್ಲಿ ಬುಡ ಅಲುಗಾಡದಂತೆ ಆಳವಾಗಿಯೇ ನೆಟ್ಟೆ. ಅದರ ಪಕ್ಕದಲ್ಲಿ ನರ್ಸರಿಯಿಂದ ತಂದ ಬಾಸ್ಟನ್ ಜರಿಗಿಡದ ಕುಂಡವೊಂದಿದೆ. ಎರಡೂ ಮೊದಲ ಮಹಡಿಯ ಪಡುವಣ ಬಾಲ್ಕನಿಯಲ್ಲಿವೆ. ಬೆಳಿಗ್ಗೆ ಒಂದು ಚೊಂಬು, ಸಂಜೆ ಒಂದು ಚೊಂಬು ನೀರನ್ನು ಒಂದು ದಿನವೂ ತಪ್ಪಿಸಿಲ್ಲ.

ಇಷ್ಟಾದರೂ ಶಿವರಾತ್ರಿಯ ಹೊತ್ತಿಗೆ ಬಾವಿಯಿಂದ ತಂದ ಗಿಡದ ಎಲೆಗಳು ಹಪ್ಪಳದಂತೆ ಮುರಿಯತೊಡಗಿದವು. ಕುಂಡದಿಂದ ಕಿತ್ತು ನೋಡಿದರೆ ಮಣ್ಣು ಹಸಿಯಾಗಿಯೇ ಇತ್ತು, ಬೇರುಗಳೆಲ್ಲ ಕಪ್ಪಾಗಿದ್ದವು. ಕೊಳೆತಿರಬೇಕೆಂದು ಕಪ್ಪು ಬೇರುಗಳನ್ನೆಲ್ಲ ಕತ್ತರಿಯಿಂದ ಕತ್ತರಿಸಿ ಮತ್ತೆ ನೆಟ್ಟೆ. ನಾಲ್ಕೇ ದಿನದಲ್ಲಿ ಉಳಿದ ಎಲೆಗಳೂ ಹೋದವು. ಬಾಸ್ಟನ್ ಗಿಡ ಇನ್ನೂ ಜೀವ ಹಿಡಿದಿದೆ, ಆದರೆ ತುದಿಗಳೆಲ್ಲ ಕಂದಿವೆ. ಅದರ ಎಲೆಗಳ ಮೇಲ್ಭಾಗದಲ್ಲಿ ಅಂಚಿನುದ್ದಕ್ಕೂ ಬಿಳಿ ಚುಕ್ಕೆಗಳು, ಒಂದೆರಡು ಎಲೆಗಳ ಅಡಿಯಲ್ಲಿ ಕಂದು ಚುಕ್ಕೆಗಳು ಸಾಲಾಗಿ ಕಾಣಿಸಿಕೊಂಡಿದ್ದರಿಂದ ಹುಳವೆಂದು ಭಾವಿಸಿ ಬೇವಿನ ಎಣ್ಣೆ ಸಿಂಪಡಿಸಿದ್ದೇನೆ. ಮನಿಪ್ಲಾಂಟಿನ ಹಾಗೆ ಒಂದು ಎಲೆಯನ್ನು ನೀರಿನ ಬಾಟಲಿಯಲ್ಲಿಟ್ಟರೆ ಬೇರು ಬರುತ್ತದೆ ಎಂದು ನಮ್ಮ ಅತ್ತೆಯವರು ಹೇಳಿದರು. ಮೂರು ವಾರ ಇಟ್ಟೆ, ಬೇರು ಬರಲಿಲ್ಲ, ತೊಟ್ಟು ಕೊಳೆತು ವಾಸನೆ ಬಂತು.

ಈ ಗಿಡ ನೀರನ್ನು ಬೇರಿನಿಂದ ಕುಡಿಯುತ್ತದೆಯೋ, ಎಲೆಯಿಂದ ಕುಡಿಯುತ್ತದೆಯೋ? ದಿನಕ್ಕೆ ಎರಡು ಬಾರಿ ನೀರು ಕಂಡ ಗಿಡ ಒಣಗಿ, ನೀರನ್ನೇ ಕಾಣದ ಗಿಡ ಬಾವಿಯಲ್ಲಿ ಸೊಂಪಾಗಿರುವುದು ಹೇಗೆ?

ಕುಂಡದಂಗಡಿ, ಮೈಸೂರು

ಮೇಡಂ, ನಾನು ಬಹಳ ವರ್ಷಗಳಿಂದ ನರ್ಸರಿ ನಡೆಸುತ್ತಿರುವವನು. ಶಾಸ್ತ್ರವನ್ನು ಓದಿದವರು ಹೇಳಲಿ. ನನ್ನ ಅನುಭವಕ್ಕೆ ಬಂದದ್ದನ್ನು ಮಾತ್ರ ಬರೆಯುತ್ತೇನೆ.

ಮೊದಲನೆಯದಾಗಿ, ದಯವಿಟ್ಟು ಬೇವಿನ ಎಣ್ಣೆಯನ್ನು ನಿಲ್ಲಿಸಿ. ಬಾಸ್ಟನ್ ಗಿಡದ ಮೇಲಿನ ಬಿಳಿ ಚುಕ್ಕೆಗಳು ಹುಳುಗಳಲ್ಲ. ಒಂದು ಚುಕ್ಕೆಯನ್ನು ಉಗುರಿನಿಂದ ಕೆರೆದು ನೋಡಿ, ಸುಣ್ಣದಂತೆ ಪುಡಿಯಾಗಿ ಬರುತ್ತದೆ; ಅದು ಸುಣ್ಣವೇ. ಈ ಜಾತಿಯಲ್ಲಿ ಎಲೆಯ ಪ್ರತಿಯೊಂದು ನರದ ತುದಿಯಲ್ಲೂ ನೀರು ಜಿನುಗುವ ಸಣ್ಣ ಬಾಯಿ ಇರುತ್ತದೆ. ರಾತ್ರಿ ಜಿನುಗಿದ ಹನಿ ಬೆಳಿಗ್ಗೆ ಆರಿದಾಗ ಅದರಲ್ಲಿದ್ದ ಸುಣ್ಣ ಉಳಿಯುತ್ತದೆ. ಅಡಿಯಲ್ಲಿರುವ ಕಂದು ಚುಕ್ಕೆಗಳು ಹುಳುಗಳಾಗಿದ್ದರೆ ಅಡ್ಡಾದಿಡ್ಡಿಯಾಗಿ, ತೊಟ್ಟಿನ ಮೇಲೂ ಹರಡಿರುತ್ತಿದ್ದವು. ಲೆಕ್ಕ ಹಾಕಿ ಇಟ್ಟಂತೆ ಎರಡೂ ಬದಿಯಲ್ಲಿ ಸಮನಾಗಿ ಸಾಲುಗಟ್ಟಿದ್ದರೆ ಅವು ಬೀಜಕಣದ, ಅಂದರೆ ಜರಿಗಿಡಕ್ಕೆ ಬೀಜದ ಬದಲಿರುವ ಪುಡಿಯಂಥ ಕಣಗಳ ಗುಂಪುಗಳು. ಈ ಎರಡು ಚುಕ್ಕೆಗಳ ಕಾರಣಕ್ಕೆ ಗಿಡವನ್ನು ಹಿಂದಕ್ಕೆ ತಂದು ನನ್ನೊಡನೆ ಜಗಳವಾಡಿದವರೂ ಇದ್ದಾರೆ.

ಎರಡನೆಯದು ಮಣ್ಣು. ನಮ್ಮ ಕಡೆಯ ಕೆಂಪು ಮಣ್ಣಿಗೆ ಸಗಣಿ ಗೊಬ್ಬರ ಕಲಸಿ, ದಿನಕ್ಕೆರಡು ಬಾರಿ ನೀರು ಸುರಿದು ಜರಿಗಿಡ ನೆಡುವುದೆಂದರೆ ಅದನ್ನು ರಾಗಿ ಮುದ್ದೆಯೊಳಗೆ ಹೂತಿಟ್ಟ ಹಾಗೆ. ಎರಡು ಪಾಲು ಕಳಿತ ಎಲೆಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ, ಒಂದು ಪಾಲು ದಪ್ಪ ಮರಳು, ಒಂದು ಹಿಡಿ ಇದ್ದಿಲ ಚೂರು, ಇಷ್ಟೇ ಸಾಕು. ನಾರಿನ ಪುಡಿಯನ್ನು ಮಾತ್ರ ಬಕೆಟ್‌ನಲ್ಲಿ ನೆನೆಸಿ, ಹಿಂಡಿ, ನೀರು ಬದಲಿಸಿ ಮೂರು ಸಲವಾದರೂ ತೊಳೆಯಬೇಕು. ಅದರಲ್ಲಿ ಉಪ್ಪಿನಂಶ ಉಳಿದಿರುವುದುಂಟು, ಜರಿಗಿಡದ ಎಳೆಬೇರು ಅದನ್ನು ತಾಳುವುದಿಲ್ಲ. ಗಿಡವನ್ನು ಆಳವಾಗಿ ನೆಡಬೇಡಿ. ಎಲೆಗಳು ಹುಟ್ಟುವ ಬುಡ ಮಣ್ಣಿನ ಮೇಲೆಯೇ ಕಾಣುತ್ತಿರಬೇಕು.

ಬಾಸ್ಟನ್ ಗಿಡದಿಂದ ಎಲೆಯೇ ಇಲ್ಲದ ದಾರದಂಥ ಎಳೆಗಳು ಜೋತುಬಿದ್ದಿದ್ದರೆ ಅಂದಗೆಡುತ್ತದೆಂದು ಕತ್ತರಿಸಬೇಡಿ. ಅವು ಹಂಬುಗಳು. ಪಕ್ಕದಲ್ಲಿ ಇನ್ನೊಂದು ಕುಂಡವನ್ನಿಟ್ಟು ಒಂದು ಹಂಬನ್ನು ಅದರ ಮಣ್ಣಿಗೆ ತಾಗಿಸಿದರೆ ಅಲ್ಲಿ ಬೇರು ಬಿಟ್ಟು ಹೊಸ ಗಿಡವಾಗುತ್ತದೆ. ಬೇರೂರಿದ ಮೇಲೆ ಹಂಬನ್ನು ಕತ್ತರಿಸಿದರಾಯಿತು.

ಪಡುವಣ ಬಾಲ್ಕನಿಯ ಬಗ್ಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಬೇಸಿಗೆಯ ಮೂರು ಗಂಟೆಯಲ್ಲಿ ಅಲ್ಲಿ ನಾವೇ ನಿಲ್ಲುವುದಿಲ್ಲ.

ನಿವೃತ್ತ ಮೇಷ್ಟ್ರು, ಮಂಡ್ಯ

ನರ್ಸರಿಯವರು ಹೇಳಿದ್ದೆಲ್ಲ ಸರಿಯಾಗಿದೆ. ಆದರೆ ಪ್ರಶ್ನೆ ಕೇಳಿದವರಿಗೆ ಬೇಕಾಗಿರುವುದು ಕಾರಣ. ಪದವಿಪೂರ್ವ ತರಗತಿಗಳಿಗೆ ಜೀವಶಾಸ್ತ್ರ ಕಲಿಸಿದ ಅಭ್ಯಾಸದಿಂದ ಉತ್ತರ ಸ್ವಲ್ಪ ಉದ್ದವಾಗಬಹುದು, ಸೈರಿಸಿಕೊಳ್ಳಿ.

ನೀವು ಕತ್ತರಿಸಿದ ಬೇರುಗಳಿಂದಲೇ ಆರಂಭಿಸುತ್ತೇನೆ, ಏಕೆಂದರೆ ಕೊನೆಯ ಪೆಟ್ಟು ಬಿದ್ದದ್ದು ಅಲ್ಲಿಯೇ. ನಿಮ್ಮ ವಿವರಣೆಯಿಂದ ಬಾವಿಯ ಗಿಡ ಅಡಿಯಾಂಟಮ್ ಎಂಬ ಕುಲಕ್ಕೆ ಸೇರಿದ್ದೆಂದು ತೋರುತ್ತದೆ. ಆಯುರ್ವೇದದವರು ಹಂಸಪದಿ ಎನ್ನುವ ಗಿಡವೂ ಇದೇ ಕುಲದ್ದು. ಈ ಗಿಡಗಳ ಆರೋಗ್ಯವಂತ ಬೇರಿನ ಬಣ್ಣವೇ ಕಪ್ಪು ಅಥವಾ ಕಡುಗಂದು. ಎಳೆಯ ತುದಿ ಮಾತ್ರ ಬಿಳಿಚಿಕೊಂಡಿರುತ್ತದೆ. ಬಣ್ಣ ನೋಡಿ ಕೊಳೆತಿದೆ ಎಂದು ತೀರ್ಮಾನಿಸುವಂತಿಲ್ಲ, ಬೆರಳಿನಿಂದ ಹಿಸುಕಿ ನೋಡಬೇಕು. ಜೀವಂತ ಬೇರು ಸಣ್ಣ ತಂತಿಯಂತೆ ಬಿಗಿಯಾಗಿರುತ್ತದೆ. ಕೊಳೆತ ಬೇರಿನ ಮೇಲ್ಸಿಪ್ಪೆ ನೆನೆದ ಕಡಲೆಯ ಸಿಪ್ಪೆಯಂತೆ ಜಾರಿ, ಒಳಗಿನ ನೂಲು ಮಾತ್ರ ಕೈಯಲ್ಲುಳಿಯುತ್ತದೆ. ನಿಮ್ಮ ಗಿಡದಲ್ಲಿ ಎರಡೂ ಬಗೆಯವು ಇದ್ದಿರಬಹುದು, ನೀವು ಎರಡನ್ನೂ ತೆಗೆದುಬಿಟ್ಟಿರಿ.

ಜರಿಗಿಡದಲ್ಲಿ ನಾವು ಗಿಡವೆಂದು ನೋಡುವುದೆಲ್ಲ ಎಲೆಯೇ. ಕೂದಲಿನಂಥ ಕಪ್ಪು ಕಡ್ಡಿ ಎಲೆಯ ತೊಟ್ಟು. ಕಾಂಡವು ಅರಿಶಿನದ ಕೊಂಬಿನಂತೆ ಮಣ್ಣಿನ ಮಟ್ಟದಲ್ಲಿ ಅಡಗಿ, ಕಂದು ಹೊಟ್ಟು ಹೊದ್ದುಕೊಂಡು ತೆವಳುತ್ತದೆ. ಇದಕ್ಕೆ ಬೇರುಕಾಂಡ ಎನ್ನುತ್ತಾರೆ. ಮಾವಿನ ಗಿಡದಲ್ಲಿರುವಂಥ ತಾಯಿಬೇರು ಇಲ್ಲಿಲ್ಲ. ಮರಿಗಿಡದಲ್ಲಿ ಮೊದಲು ಮೂಡುವ ಬೇರು ಬೇಗನೆ ಅಳಿದುಹೋಗಿ, ಆಮೇಲಿನ ಬೇರುಗಳೆಲ್ಲ ಬೇರುಕಾಂಡದ ಮೈಯಿಂದ ಹುಟ್ಟುತ್ತವೆ. ಅವು ಕೂದಲಷ್ಟು ತೆಳು, ಬಹುಮಟ್ಟಿಗೆ ಮೇಲಿನ ಕೆಲವು ಅಂಗುಲಗಳಲ್ಲೇ ಹರಡುತ್ತವೆ, ವಯಸ್ಸಾದಂತೆ ದಪ್ಪವಾಗುವುದೂ ಇಲ್ಲ. ಹೊಸ ಎಲೆಯೂ ಬೇರುಕಾಂಡದ ತುದಿಯಿಂದಲೇ ಚಕ್ಕುಲಿಯಂತೆ ಸುರುಳಿ ಸುತ್ತಿಕೊಂಡು ಬಂದು, ಬುಡದಿಂದ ತುದಿಯ ಕಡೆಗೆ ಬಿಚ್ಚಿಕೊಳ್ಳುತ್ತದೆ. ಕೊಡಗಿನವರು ಮಳೆಗಾಲದಲ್ಲಿ ಪಲ್ಯ ಮಾಡುವ ತೆರ್ಮೆ ಸೊಪ್ಪನ್ನು ಕಂಡವರಿಗೆ ಈ ಸುರುಳಿಯನ್ನು ವರ್ಣಿಸಬೇಕಾಗಿಲ್ಲ. ಎಲೆಯನ್ನು ಬಾಟಲಿಯಲ್ಲಿಟ್ಟರೆ ಬೇರು ಬಾರದಿರುವುದಕ್ಕೂ ಇದೇ ಕಾರಣ. ಮನಿಪ್ಲಾಂಟಿನ ತುಂಡಿನಲ್ಲಿ ಗಿಣ್ಣು ಇರುತ್ತದೆ, ಗಿಣ್ಣಿನಲ್ಲಿ ಮೊಗ್ಗು ಇರುತ್ತದೆ. ಜರಿಯ ಎಲೆಯಲ್ಲಿ ಸಾಮಾನ್ಯವಾಗಿ ಅಂಥ ಮೊಗ್ಗು ಇರುವುದಿಲ್ಲ. ಸಾಮಾನ್ಯವಾಗಿ ಎಂದದ್ದಕ್ಕೆ ಕಾರಣವಿದೆ: ಇದೇ ಅಡಿಯಾಂಟಮ್ ಕುಲದ ಕೆಲವು ಜಾತಿಗಳಲ್ಲಿ ಎಲೆಯ ತುದಿ ನೀಳವಾಗಿ ಬಾಗಿ, ನೆಲಕ್ಕೆ ತಾಗಿದಲ್ಲಿ ಬೇರೂರಿ ಮರಿಯಾಗುತ್ತದೆ, ಆ ಮರಿಯ ಎಲೆ ಮತ್ತೆ ಮುಂದಕ್ಕೆ ಬಾಗುತ್ತದೆ. ಗಿಡ ಹೆಜ್ಜೆ ಹಾಕಿದಂತೆಯೇ ಕಾಣುತ್ತದೆ. ಅತ್ತೆಯವರು ಹೇಳಿದ್ದು ಪೂರ್ತಿ ತಪ್ಪಲ್ಲ ಎಂದು ಅವರಿಗೆ ತಿಳಿಸಿ.

ಈಗ ನೀರಿನ ದಾರಿ. ಬೇರಿನ ತುದಿಯ ಹಿಂದೆ ಇರುವ ಬೇರುಗೂದಲುಗಳು ಮಣ್ಣಿನ ಕಣಗಳಿಗೆ ಅಂಟಿದ ನೀರಿನ ಪೊರೆಯನ್ನು ಮುಟ್ಟುತ್ತವೆ. ಅಲ್ಲಿಂದ ನೀರು ಬೇರಿನೊಳಗೆ ಸೇರಿ, ನಡುವೆ ಇರುವ, ನೀರು ಸಾಗಿಸುವ ಕ್ಸೈಲಮ್ ಎಂಬ ಅಂಗಾಂಶವನ್ನು ತಲುಪಿ, ಬೇರುಕಾಂಡದ ಮೂಲಕ ಎಲೆಗೆ ಏರುತ್ತದೆ. ಅದನ್ನು ಏರಿಸುವ ಮುಖ್ಯ ಶಕ್ತಿ ಕೆಳಗಿನ ಒತ್ತಡವಲ್ಲ, ಮೇಲಿನ ಸೆಳೆತ. ಎಲೆಯ ಪತ್ರರಂಧ್ರಗಳಿಂದ ಆವಿ ಹೊರಟಂತೆ, ಒಂದಕ್ಕೊಂದು ಅಂಟಿಕೊಂಡ ನೀರಿನ ಅಣುಗಳ ಎಳೆ ಹಗ್ಗದಂತೆ ಮೇಲಕ್ಕೆ ಎಳೆಯಲ್ಪಡುತ್ತದೆ. ಡಿಕ್ಸನ್ ಮತ್ತು ಜೋಲಿ ಎಂಬ ಇಬ್ಬರು ವಿಜ್ಞಾನಿಗಳು ಈ ವಾದವನ್ನು 1894ರಲ್ಲಿ ಮುಂದಿಟ್ಟರು. ನಿಮ್ಮ ಬಾಸ್ಟನ್ ಜರಿಗಿಡವು ಫಿಲಡೆಲ್ಫಿಯಾದಿಂದ ಬಾಸ್ಟನ್ ಕಡೆಗೆ ಕಳುಹಿಸಿದ ಗಿಡಗಳ ನಡುವೆ ಯಾರದೋ ಕಣ್ಣಿಗೆ ಬಿದ್ದ ವರ್ಷವೂ ಅದೇ. ರಾತ್ರಿ ಆವಿ ಹೊರಡುವುದು ನಿಂತಾಗ ಮಾತ್ರ ಬೇರಿನ ಕಡೆಯಿಂದ ಒತ್ತಡ ಏರಿ ಎಲೆಯಂಚಿನಲ್ಲಿ ಹನಿ ಜಿನುಗುತ್ತದೆ. ನರ್ಸರಿಯವರು ವಿವರಿಸಿದ ಬಿಳಿ ಚುಕ್ಕೆಗೆ ಮೂಲ ಅದೇ. ಹಾಗಾಗಿ ಆ ಚುಕ್ಕೆಗಳು ಬೇರು ಕೆಲಸ ಮಾಡುತ್ತಿದೆ ಎಂಬುದಕ್ಕೆ ಸಾಕ್ಷಿ.

ಜರಿಗಿಡದ ಕೊಳವೆ ವ್ಯವಸ್ಥೆಯಲ್ಲಿ ಒಂದು ಮಿತಿಯಿದೆ. ಮಾವು, ಹೊಂಗೆಗಳಲ್ಲಿ ಕ್ಸೈಲಮ್ ಕೋಶಗಳು ತುದಿಯಿಂದ ತುದಿಗೆ ತೆರೆದುಕೊಂಡು ಉದ್ದನೆಯ ಪೈಪುಗಳಾಗಿರುತ್ತವೆ. ಬಹುಪಾಲು ಜರಿಗಿಡಗಳಲ್ಲಿ ಇರುವುದು ಟ್ರೇಕೀಡ್ ಎಂಬ, ಎರಡೂ ತುದಿ ಮುಚ್ಚಿದ ಕೋಶಗಳು. ನೀರು ಒಂದು ಕೋಶದಿಂದ ಇನ್ನೊಂದಕ್ಕೆ ಗೋಡೆಯ ತೆಳುವಾದ ಗುಳಿಗಳ ಮೂಲಕ ಸೋಸಿಕೊಂಡು ಹೋಗಬೇಕು. ಆದ್ದರಿಂದ ಕುಂಡದಲ್ಲಿ ಎಷ್ಟು ನೀರಿದ್ದರೂ ಒಂದು ಗಂಟೆಗೆ ಎಲೆಗೆ ತಲುಪುವ ನೀರಿಗೆ ಒಂದು ಎಲ್ಲೆಯಿರುತ್ತದೆ. ಮಾರ್ಚ್ ತಿಂಗಳ ಮಧ್ಯಾಹ್ನ, ಪಡುವಣ ಬಿಸಿಲು, ಒಣಗಾಳಿ ಮೂರೂ ಸೇರಿದಾಗ ಎಲೆಯಿಂದ ಹೋಗುವ ನೀರು ಆ ಎಲ್ಲೆಯನ್ನು ದಾಟುತ್ತದೆ. ಸೆಳೆತ ಮಿತಿಮೀರಿದರೆ ನೀರಿನ ಎಳೆ ಕಡಿದು ಕೊಳವೆಯೊಳಗೆ ಗುಳ್ಳೆಯುಂಟಾಗುತ್ತದೆ, ಆ ದಾರಿ ಮುಚ್ಚುತ್ತದೆ, ದೂರದ ತುದಿಗಳು ಮೊದಲು ಕಂದುತ್ತವೆ. ಅದನ್ನು ಕಂಡು ನೀವು ಇನ್ನೊಂದು ಚೊಂಬು ಸುರಿಯುತ್ತೀರಿ. ಮಣ್ಣಿನ ಸಂದುಗಳಲ್ಲಿದ್ದ ಗಾಳಿ ಹೊರಹೋಗಿ ನೀರು ತುಂಬುತ್ತದೆ. ಆಮ್ಲಜನಕ ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುವುದರಿಂದ ಬೇರಿಗೆ ಉಸಿರು ಕಟ್ಟುತ್ತದೆ. ಉಸಿರಾಡದ ಬೇರು ನೀರನ್ನು ಹೀರಲಾರದು. ನೀರಿನ ನಡುವೆಯೇ ಇದ್ದು ಗಿಡ ಬಾಯಾರಿ ಸಾಯುವುದು ಹೀಗೆ.

ಇನ್ನು ನಿಮ್ಮ ಬಾವಿಗೆ ಬರೋಣ. 1829ರ ಸುಮಾರಿಗೆ ಲಂಡನ್ನಿನಲ್ಲಿ ನಥಾನಿಯಲ್ ವಾರ್ಡ್ ಎಂಬ ವೈದ್ಯನಿದ್ದ. ಮನೆಯ ಅಂಗಳದಲ್ಲಿ ಜರಿಗಿಡ ಬೆಳೆಸಬೇಕೆಂಬ ಆಸೆ ಅವನಿಗೆ, ಆದರೆ ಊರಿನ ಕಲ್ಲಿದ್ದಲ ಹೊಗೆಗೆ ಅವೆಲ್ಲ ಸತ್ತುಹೋಗುತ್ತಿದ್ದವು. ಒಂದು ಪತಂಗದ ಗೂಡು ಒಡೆಯುವುದನ್ನು ನೋಡಲು ಅವನು ಮುಚ್ಚಳವಿದ್ದ ಗಾಜಿನ ಬಾಟಲಿಯಲ್ಲಿ ಹಸಿಮಣ್ಣು ಹಾಕಿ ಅದನ್ನು ಇಟ್ಟಿದ್ದ. ಆ ಮಣ್ಣಿನಲ್ಲಿ ಒಂದು ಜರಿಗಿಡ ತಾನಾಗಿ ಮೊಳೆತು, ನೀರೇ ಹಾಕದೆ ವರ್ಷಗಟ್ಟಲೆ ಬದುಕಿತು. ಹಗಲು ಆವಿಯಾದ ನೀರು ಗಾಜಿನ ಮೇಲೆ ಹನಿಗಟ್ಟಿ ಮತ್ತೆ ಮಣ್ಣಿಗಿಳಿಯುತ್ತಿತ್ತು. ನಿಮ್ಮ ಬಾವಿಯೂ ಅಂಥದೇ ಬಾಟಲಿ, ಮುಚ್ಚಳ ಇಲ್ಲ ಅಷ್ಟೇ. ಕೆಳಗೆ ನೀರು, ಸುತ್ತ ತಂಪು ಕಲ್ಲು, ಗಾಳಿಯ ಹೊಡೆತವಿಲ್ಲ, ಬಿಸಿಲು ಹೊತ್ತೇರಿದಾಗ ಸ್ವಲ್ಪ ಹೊತ್ತು ಮಾತ್ರ. ಅಲ್ಲಿ ಎಲೆ ನೀರನ್ನು ಕಳೆದುಕೊಳ್ಳುವುದೇ ಕಡಿಮೆಯಾದ್ದರಿಂದ, ಕಲ್ಲಿನ ಸಂದಿಯಲ್ಲಿ ಜಿನುಗುವ ಸ್ವಲ್ಪ ನೀರು ಸಾಕಾಗುತ್ತದೆ. ಆ ನೀರು ನಿಲ್ಲದೆ ಇಳಿದುಹೋಗುವುದರಿಂದ ಬೇರಿಗೆ ಗಾಳಿಯೂ ಸಿಗುತ್ತದೆ. ಹಳೆಯ ಗಾರೆಯಲ್ಲಿರುವ ಸುಣ್ಣವೂ ಈ ಗಿಡಕ್ಕೆ ಒಗ್ಗುತ್ತದೆ.

ಎಲೆಯಿಂದ ನೀರು ಕುಡಿಯುತ್ತದೆಯೇ ಎಂದು ಕೇಳಿದ್ದೀರಿ. ಕೆಲವು ಜರಿಗಿಡಗಳು ಎಲೆಯ ಮೇಲಿನ ಹೊಟ್ಟಿನ ಮೂಲಕ ಅಷ್ಟಿಷ್ಟು ಹೀರುತ್ತವೆ. ಆದರೆ ನಿಮ್ಮ ಗಿಡದ ಎಲೆ ಕೆಸುವಿನೆಲೆಯಂತೆ ನೀರನ್ನು ಅಂಟಗೊಡುವುದೇ ಇಲ್ಲ. ಅಡಿಯಾಂಟಮ್ ಎಂಬ ಗ್ರೀಕ್ ಮೂಲದ ಹೆಸರಿನ ಅರ್ಥವೇ ಒದ್ದೆಯಾಗದ್ದು ಎಂದು. ಎಲೆಗೆ ನೀರು ಚಿಮುಕಿಸುವುದರಿಂದ ಗಾಳಿ ಹತ್ತಿಪ್ಪತ್ತು ನಿಮಿಷ ತಂಪಾಗಬಹುದೇ ಹೊರತು ಗಿಡದ ಹೊಟ್ಟೆ ತುಂಬುವುದಿಲ್ಲ. ಅದರ ಬದಲು ಅಗಲವಾದ ತಟ್ಟೆಯಲ್ಲಿ ಜಲ್ಲಿ ಹರಡಿ, ಜಲ್ಲಿಯ ಮಟ್ಟಕ್ಕಿಂತ ಕೆಳಗೆ ನೀರಿಟ್ಟು, ಅದರ ಮೇಲೆ ಕುಂಡಗಳನ್ನು ಒತ್ತೊತ್ತಾಗಿ ಕೂರಿಸಿ. ಕುಂಡದ ತಳ ನೀರಿಗೆ ಮುಟ್ಟಬಾರದು. ಮೂಡಣ ಅಥವಾ ಬಡಗಣ ಬದಿ, ಬಟ್ಟೆ ಒಗೆಯುವ ಕಲ್ಲಿನ ಆಸುಪಾಸು ಇನ್ನೂ ಒಳ್ಳೆಯದು.

ಬಾವಿಯಿಂದ ಮತ್ತೊಂದು ಬುಡ ಕೀಳಬೇಡಿ ಎಂಬುದು ನನ್ನ ಕೋರಿಕೆ. ಕಲ್ಲಿನ ಸಂದಿಯಿಂದ ಎಳೆದಾಗ ಬೇರುಗೂದಲುಗಳೆಲ್ಲ ಕಲ್ಲಿಗೇ ಅಂಟಿ ಉಳಿಯುತ್ತವೆ, ನಿಮ್ಮ ಕೈಗೆ ಬರುವುದು ನೀರು ಹೀರಲಾಗದ ದಾರಗಳು. ಬೀಜಕಣದಿಂದ ಬೆಳೆಸಿ. ಬಲಿತ ಎಲೆಯ ಅಂಚು ಒಳಕ್ಕೆ ಮಡಿಚಿ ಕಂದುಬಣ್ಣಕ್ಕೆ ತಿರುಗಿದ್ದರೆ ಅದನ್ನು ಬಿಳಿ ಕಾಗದದಲ್ಲಿ ಮಡಚಿ ಒಂದೆರಡು ದಿನ ಇಡಿ, ನಶ್ಯದಂಥ ಪುಡಿ ಉದುರಿರುತ್ತದೆ. ಆ ಬೀಜಕಣಗಳನ್ನು ಚಿಮ್ಮುವುದೂ ನೀರಿನ ಎಳೆಯೇ. ಬೀಜಕಣದ ಚೀಲದ ಬೆನ್ನಮೇಲಿನ ಕೋಶಗಳಲ್ಲಿ ನೀರು ಆರಿದಂತೆ ಅದು ಬಿಲ್ಲಿನಂತೆ ಹಿಂದಕ್ಕೆ ಬಾಗಿ, ಎಳೆ ಕಡಿದ ಕ್ಷಣ ಚಿಮ್ಮುತ್ತದೆ. ಎಲೆಗೆ ನಷ್ಟ ತರುವ ಘಟನೆಯನ್ನೇ ಗಿಡ ಇಲ್ಲಿ ಕವಣೆಯಾಗಿ ಬಳಸಿಕೊಂಡಿದೆ. ಒಂದು ನೆನೆಸಿದ ಇಟ್ಟಿಗೆಯ ಮೇಲೆ ಕುದಿಯುವ ನೀರು ಸುರಿದು, ಆರಿದ ಮೇಲೆ ಆ ಪುಡಿಯನ್ನು ತೆಳ್ಳಗೆ ಉದುರಿಸಿ, ತಟ್ಟೆಯ ನೀರಿನಲ್ಲಿಟ್ಟು ಗಾಜಿನ ಡಬ್ಬಿ ಬೋರಲು ಹಾಕಿ. ನಿಮ್ಮ ಬಾಸ್ಟನ್ ಗಿಡದ ಪುಡಿಯಿಂದ ಪ್ರಯತ್ನಿಸಬೇಡಿ, ಅದರ ಬೀಜಕಣಗಳು ಬಹುಮಟ್ಟಿಗೆ ಬಂಜೆ. ಹಂಬಿನಿಂದಲೇ ಅದರ ಸಂತಾನ.

ಅಜೋಲ ತೊಟ್ಟಿ, ಮಳವಳ್ಳಿ

ಮೇಷ್ಟ್ರೇ, ನಿಮ್ಮ ಬರಹವನ್ನು ಓದಿ ನನಗೊಂದು ಅನುಮಾನ ಬಂತು. ನಾನು ಹಸುಗಳಿಗೆ ತಿನ್ನಿಸಲು ಎರಡು ತೊಟ್ಟಿಗಳಲ್ಲಿ ಅಜೋಲ ಬೆಳೆಸುತ್ತಿದ್ದೇನೆ. ಅದೂ ಜರಿಗಿಡದ ಜಾತಿಯೇ ಎಂದು ತರಬೇತಿಯಲ್ಲಿ ಹೇಳಿದ್ದರು. ಅದರ ಬೇರುಗಳು ಹಗಲು ರಾತ್ರಿ ನೀರಿನಲ್ಲೇ ಇಳಿಬಿದ್ದಿರುತ್ತವೆ, ಗಿಡ ಒಂದು ವಾರದೊಳಗೆ ತೊಟ್ಟಿ ತುಂಬುತ್ತದೆ. ನೀರು ಹೆಚ್ಚಾದರೆ ಜರಿಗಿಡದ ಬೇರಿಗೆ ಉಸಿರು ಕಟ್ಟುತ್ತದೆ ಎಂಬ ಮಾತು ಇದಕ್ಕೇಕೆ ಅನ್ವಯಿಸುವುದಿಲ್ಲ? ನಮ್ಮ ಭತ್ತದ ಗದ್ದೆಯ ಕೆಸರಿನಲ್ಲಿ ನಾಲ್ಕೆಲೆಯ ಕಳೆಯೊಂದು ಬರುತ್ತದೆ. ಅದು ಕೂಡ ಜರಿಗಿಡವೆಂದು ನನ್ನ ಮಗಳು ಹೇಳುತ್ತಾಳೆ. ಅದೂ ಕೊಳೆಯುವುದಿಲ್ಲ.

ನಿವೃತ್ತ ಮೇಷ್ಟ್ರು, ಮಂಡ್ಯ

ಒಳ್ಳೆಯ ಪ್ರಶ್ನೆ, ಮತ್ತು ನಿಮ್ಮ ಮಗಳು ಹೇಳಿದ್ದು ನಿಜ. ನಾಲ್ಕೆಲೆಯ ಆ ಕಳೆಯ ಹೆಸರು ಮಾರ್ಸೀಲಿಯ. ಎಳೆಯ ಎಲೆ ಸುರುಳಿ ಸುತ್ತಿಕೊಂಡು ಬರುವುದನ್ನು ನೋಡಿಯೇ ಅದನ್ನು ಜರಿಗಿಡವೆಂದು ಗುರುತಿಸಬಹುದು.

ನಾನು ನೀರು ಕೆಟ್ಟದ್ದು ಎಂದು ಬರೆಯಲಿಲ್ಲ, ಗಾಳಿಯಿಲ್ಲದಿರುವುದು ಕೆಟ್ಟದ್ದು ಎಂದೆ. ನಿಮ್ಮ ತೊಟ್ಟಿಯಲ್ಲಿ ನೀರು ಅರ್ಧ ಅಡಿಯೋ ಮುಕ್ಕಾಲು ಅಡಿಯೋ ಇರುತ್ತದೆ, ಅದರ ಮೇಲ್ಮೈ ಗಾಳಿಗೆ ತೆರೆದಿರುತ್ತದೆ, ಅಜೋಲದ ಬೇರು ಮೇಲ್ಮೈಯಿಂದ ಕೆಲವೇ ಸೆಂಟಿಮೀಟರ್ ಆಳಕ್ಕಿಳಿಯುತ್ತದೆ. ಅಲ್ಲಿ ಕರಗಿದ ಆಮ್ಲಜನಕ ಸಿಗುತ್ತದೆ. ಕುಂಡದ ಕೆಸರಿನಲ್ಲಾದರೋ ಸಗಣಿ ಗೊಬ್ಬರವನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳೇ ಇದ್ದಬದ್ದ ಆಮ್ಲಜನಕವನ್ನು ಮುಗಿಸಿರುತ್ತವೆ. ಮಾರ್ಸೀಲಿಯ ನಿಜವಾಗಿಯೂ ಕೆಸರಿನಲ್ಲಿ ಬೇರೂರುತ್ತದೆ. ಅದರ ತೊಟ್ಟನ್ನು ಬ್ಲೇಡಿನಿಂದ ಅಡ್ಡಲಾಗಿ ಕೊಯ್ದು ನೋಡಿದರೆ ಎತ್ತಿನ ಗಾಡಿಯ ಚಕ್ರದ ಅರೆಗಾಲುಗಳ ನಡುವಿನಂತೆ ಖಾಲಿ ಜಾಗಗಳು ಕಾಣುತ್ತವೆ. ಎಲೆ ಮೇಲಿನಿಂದ ಪಡೆದ ಗಾಳಿಯನ್ನು ಆ ಸುರಂಗಗಳ ಮೂಲಕ ಕೆಳಗೆ ಸಾಗಿಸುತ್ತದೆ. ಪಕ್ಕದಲ್ಲಿರುವ ಭತ್ತವೂ ಇದೇ ಉಪಾಯದಿಂದ ಬದುಕುತ್ತದೆ. ಬಾವಿಯ ಅಡಿಯಾಂಟಮ್‌ಗೆ ಈ ಸೌಲಭ್ಯವಿಲ್ಲ.

ಅಜೋಲದ ಎಲೆಯೊಳಗೆ ಇನ್ನೊಂದು ಕೋಣೆಯಿದೆ. ಅದರಲ್ಲಿ ನೀಲಿ-ಹಸಿರು ಪಾಚಿ ನೆಲೆಸಿ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತದೆ. ನೀವು ತೊಟ್ಟಿಗೆ ಯೂರಿಯ ಹಾಕದೆ ಸೂಪರ್ ಫಾಸ್ಫೇಟ್ ಮಾತ್ರ ಹಾಕುವುದು ಅದಕ್ಕಾಗಿಯೇ. ಇದು ಬೇರೆಯೇ ಚರ್ಚೆಯಾಗುತ್ತದೆ, ಇಲ್ಲಿಗೆ ನಿಲ್ಲಿಸುತ್ತೇನೆ.

ಹಳೇಮನೆ, ಶ್ರೀರಂಗಪಟ್ಟಣ

ಮೂಲ ಪ್ರಶ್ನೆಗೆ ಸಂಬಂಧಿಸಿದ ಒಂದು ಮಾತನ್ನಷ್ಟೇ ಸೇರಿಸುತ್ತೇನೆ. ನಮ್ಮ ಮನೆಯ ಸುಣ್ಣದ ಗಾರೆಯ ಗೋಡೆಯಲ್ಲಿ, ಬಚ್ಚಲಿನ ಹಿಂಬದಿಗೆ, ಏಣಿಯಂತೆ ಉದ್ದ ಎಲೆಗಳಿರುವ ಜರಿಗಿಡ ಪ್ರತಿವರ್ಷ ಬರುತ್ತಿತ್ತು. ಗೋಡೆ ಬಿರುಕು ಬಿಡುತ್ತದೆಂದು ಹೆದರಿ ಗಾರೆ ಕೆಲಸದವರನ್ನು ಕರೆಸಿ ಎರಡು ಸಲ ಕೆತ್ತಿಸಿ ಬಳಿಸಿದೆವು, ಮತ್ತೆ ಬಂತು. ಮೂರನೆಯ ಸಲ ಕೊಳಾಯಿ ಕೆಲಸದವರನ್ನು ಕರೆಸಿದಾಗ ಗೋಡೆಯೊಳಗಿನ ಪೈಪಿನ ಸೇರುವೆಯಲ್ಲಿ ನೀರು ಒಸರುತ್ತಿರುವುದು ತಿಳಿಯಿತು. ಅದನ್ನು ಸರಿಪಡಿಸಿದ ಬೇಸಿಗೆಯಲ್ಲೇ ಗಿಡ ಒಣಗಿತು. ಅರಳಿಯ ಬೇರಿನಂತೆ ಇದರ ಬೇರು ದಪ್ಪವಾಗಿ ಗೋಡೆಯನ್ನು ಸೀಳುವುದಿಲ್ಲ ಎಂಬುದು ಮೇಷ್ಟ್ರ ಬರಹದಿಂದ ಈಗ ಅರ್ಥವಾಯಿತು.

ಹಿತ್ತಿಲಗಿಡ, ಮೈಸೂರು

ಎಲ್ಲರಿಗೂ ಕೃತಜ್ಞತೆಗಳು. ಯುಗಾದಿಯ ಮರುದಿನ ಬಾಸ್ಟನ್ ಗಿಡವನ್ನು ಹೊಸ ಮಿಶ್ರಣಕ್ಕೆ ಬದಲಿಸಿ, ಮೂಡಣದ ಕಿಟಕಿಯ ಬಳಿ ಜಲ್ಲಿತಟ್ಟೆಯ ಮೇಲೆ ಇಟ್ಟೆ. ಕಂದಿದ ತುದಿಗಳು ಹಸಿರಾಗಲಿಲ್ಲ, ಆಗುವುದಿಲ್ಲವೆಂದು ಈಗ ತಿಳಿದಿದೆ. ಆದರೆ ಹೊಸ ಸುರುಳಿಗಳು ಏಳೆಂಟು ಬಂದಿವೆ, ಅವುಗಳ ತುದಿ ಕಂದಿಲ್ಲ. ಬಾವಿಯ ಗಿಡ ಮಾತ್ರ ಮತ್ತೆ ಚಿಗುರಲಿಲ್ಲ. ಬೇರುಕಾಂಡವನ್ನು ಹಿಸುಕಿದರೆ ಹುಣಸೆಹಣ್ಣಿನಂತೆ ಮೆತ್ತಗಿತ್ತು, ತೆಗೆದುಹಾಕಿದೆ.

ಶಾಲೆಯಲ್ಲಿ ಕರ್ಣಕುಂಡಲದ ಗಿಡವನ್ನು ಕೆಂಪು ನೀರಿನಲ್ಲಿ ಇಟ್ಟು ನೋಡಿದ್ದ ಪ್ರಯೋಗ ನೆನಪಾಗಿ, ಬಾಸ್ಟನ್ ಗಿಡದ ಎರಡು ಎಲೆಗಳನ್ನು ನೀರಿನೊಳಗೇ ಕತ್ತರಿಸಿ, ಕೆಂಪು ಶಾಯಿ ಬೆರೆಸಿದ ಎರಡು ಲೋಟಗಳಲ್ಲಿಟ್ಟೆ. ಒಂದನ್ನು ಕಿಟಕಿಯ ಗಾಳಿಗೆ ಬಿಟ್ಟು, ಇನ್ನೊಂದಕ್ಕೆ ಒಳಮೈ ಒದ್ದೆ ಮಾಡಿದ ಪ್ಲಾಸ್ಟಿಕ್ ಕವರನ್ನು ಹೊದಿಸಿದೆ. ಎರಡು ಗಂಟೆಯ ನಂತರ ಮೊದಲಿನದರ ನಡುದಿಂಡನ್ನು ಸೀಳಿ ನೋಡಿದರೆ ಒಳಗಿನ ಎಳೆಗಳು ಅರ್ಧದವರೆಗೂ ಕೆಂಪಾಗಿದ್ದವು. ಕವರಿನೊಳಗಿನದರಲ್ಲಿ ಕೆಂಪು ಎರಡು ಬೆರಳಿನಷ್ಟೂ ಏರಿರಲಿಲ್ಲ. ಬಾವಿಯೊಳಗೆ ಏನು ನಡೆಯುತ್ತದೆ ಎಂಬುದನ್ನು ಅತ್ತೆಯವರಿಗೆ ತೋರಿಸಲು ಇದೇ ಸಾಕಾಯಿತು.

ಮೈದುನ ಬಾವಿಯ ಗಿಡದ ನಾಲ್ಕು ಎಲೆಗಳನ್ನು ಪೇಪರಿನಲ್ಲಿ ಮಡಚಿ, ಬಸ್ಸಿನಲ್ಲಿ ಬಂದ ನೆಂಟರ ಕೈಯಲ್ಲಿ ಕಳುಹಿಸಿದ್ದ. ಮೇಷ್ಟ್ರು ಹೇಳಿದಂತೆ ಇಟ್ಟಿಗೆಯ ಮೇಲೆ ಪುಡಿ ಉದುರಿಸಿ ಎರಡು ತಿಂಗಳಾಗಿದೆ. ಈಗ ಇಟ್ಟಿಗೆಯ ಮೇಲೆ ಹಸಿರು ಪೊರೆ ಕಟ್ಟಿದೆ. ಇದು ಜರಿಗಿಡವೋ, ಪಾಚಿಯೋ? ಒಂದೂ ಎಲೆಯಿಲ್ಲ.

ನಿವೃತ್ತ ಮೇಷ್ಟ್ರು, ಮಂಡ್ಯ

ಭೂತಗನ್ನಡಿ ಹಿಡಿದು ನೋಡಿ. ಪಾಚಿಯಾದರೆ ಲೋಳೆಯಂತೆ ಅಥವಾ ನೂಲಿನಂತೆ ಕಾಣುತ್ತದೆ. ಮೀನಿನ ಹುರುಪೆಯಷ್ಟು ದೊಡ್ಡದಾದ, ವೀಳ್ಯದೆಲೆಯಂತೆ ಒಂದು ಬದಿಯಲ್ಲಿ ಕಚ್ಚು ಇರುವ ಚಪ್ಪಟೆ ಬಿಲ್ಲೆಗಳು ಕಂಡರೆ ಅದು ಪ್ರೊಥಾಲಸ್, ಅಂದರೆ ಬೀಜಕಣದಿಂದ ನೇರವಾಗಿ ಹುಟ್ಟಿದ ಗಿಡ. ಅದಕ್ಕೆ ನಿಜವಾದ ಬೇರು ಇಲ್ಲ, ಎಲೆ ಇಲ್ಲ, ನೀರಿನ ಕೊಳವೆಯೂ ಇಲ್ಲ. ಅಡಿಯಲ್ಲಿರುವ ಕೂದಲಿನಂಥ ಎಳೆಗಳು ಇಟ್ಟಿಗೆಯನ್ನು ಹಿಡಿದುಕೊಂಡಿರುತ್ತವೆ, ನಡುಭಾಗ ಬಿಟ್ಟರೆ ಮೈಯೆಲ್ಲ ಒಂದೇ ಕೋಶದಷ್ಟು ತೆಳು. ನೀವು ಮೊದಲು ಕೇಳಿದ ಪ್ರಶ್ನೆಗೆ ಈ ಹಂತದಲ್ಲಿ ಮಾತ್ರ ಉತ್ತರ ಬದಲಾಗುತ್ತದೆ: ಇದು ಮೈಯೆಲ್ಲದರಿಂದ ನೀರು ಹೀರುತ್ತದೆ, ಮತ್ತು ಅಷ್ಟೇ ಬೇಗ ಒಣಗುತ್ತದೆ.

ಗಂಡು ಮತ್ತು ಹೆಣ್ಣು ಭಾಗಗಳು ಈ ಬಿಲ್ಲೆಯ ಅಡಿಯಲ್ಲೇ ಇರುತ್ತವೆ. ಪುರುಷಾಣು ನೀರಿನ ತೆಳುವಾದ ಪೊರೆಯಲ್ಲಿ ಈಜಿಕೊಂಡು ಅಂಡವನ್ನು ತಲುಪಬೇಕು. ಅದನ್ನು ಮ್ಯಾಲಿಕ್ ಆಮ್ಲ ಸೆಳೆಯುತ್ತದೆ ಎಂಬುದನ್ನು ಜರ್ಮನಿಯ ಸಸ್ಯವಿಜ್ಞಾನಿ ವಿಲ್ಹೆಲ್ಮ್ ಫೆಫರ್ 1884ರಲ್ಲೇ ತೋರಿಸಿದ್ದ. ಆದ್ದರಿಂದ ಇನ್ನು ಮುಂದೆ ವಾರಕ್ಕೆರಡು ಸಲ ಡಬ್ಬಿಯನ್ನೆತ್ತಿ, ಕುದಿಸಿ ಆರಿಸಿದ ನೀರನ್ನು ಮಂಜಿನಷ್ಟು ಸಣ್ಣಗೆ ಸಿಂಪಡಿಸಿ ಮತ್ತೆ ಮುಚ್ಚಿಡಿ. ಚೊಂಬಿನಿಂದ ಸುರಿದರೆ ಬಿಲ್ಲೆಗಳೆಲ್ಲ ಕೊಚ್ಚಿಹೋಗುತ್ತವೆ. ಕಚ್ಚಿನ ಬಳಿಯಿಂದ ಮೊದಲ ಎಲೆ ಮೇಲೆದ್ದು, ಅದರ ಬೇರು ಇಟ್ಟಿಗೆಗೆ ತಾಗಿದ ಮೇಲೆ ಬಿಲ್ಲೆ ತಾನಾಗಿ ಬಾಡುತ್ತದೆ, ಗಾಬರಿಪಡಬೇಡಿ. ಮೂರು ನಾಲ್ಕು ಎಲೆಗಳಾಗುವವರೆಗೆ ಕುಂಡಕ್ಕೆ ಬದಲಿಸಬೇಡಿ, ಬದಲಿಸುವಾಗ ಮಿಶ್ರಣಕ್ಕೆ ಹಳೆಯ ಸುಣ್ಣದ ಗಾರೆಯ ಚೂರು ಒಂದಿಷ್ಟು ಸೇರಿಸಿ. ಶ್ರೀರಂಗಪಟ್ಟಣದವರ ಬಳಿ ಎರಡು ಸಲ ಕೆತ್ತಿಸಿದ್ದು ಉಳಿದಿರಬಹುದು.